ಓಲೆ ಓದಿದ ಕಣ್ಣು, ಮುದ್ರಿಕೆ ಕೇಳುವ ಕಿವಿ

ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಯನ್ನು ವಿಮರ್ಶಿಸುವುದೆಂದರೆ ಹಾಡಿದವರ ವಿದ್ವತ್ತನ್ನು ಅಳೆಯುವುದಷ್ಟೇ ಅಲ್ಲ. ಹಾಡಿದವರ ಕಂಠದಿಂದ ಕೇಳುವವರ ಕಿವಿಯವರೆಗೆ ಆ ನಾದವು ಯಾರ ಯಾರ ಕೈ ದಾಟಿ ಬಂದಿದೆ, ದಾಟುವಾಗ ಏನನ್ನು ಕಳೆದುಕೊಂಡಿದೆ, ಏನನ್ನು ಅಂಟಿಸಿಕೊಂಡಿದೆ ಎಂಬುದನ್ನು ಗುರುತಿಸುವುದೂ ಅದೇ ಕೆಲಸದ ಭಾಗ. ಇದಕ್ಕೆ ಬೇಕಾದ ಮಾದರಿಯನ್ನು ಕನ್ನಡದ ವಿಮರ್ಶಕರು ಹೊರಗೆಲ್ಲೋ ಹುಡುಕಬೇಕಾಗಿಲ್ಲ. ಅದು ಗ್ರಂಥಸಂಪಾದನೆಯ ರೂಪದಲ್ಲಿ ಇಲ್ಲಿಯೇ ಇದೆ. ಒಂದೇ ಕೃತಿಯ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಪ್ರತಿಕಾರನು ಮಾಡಿದ ತಪ್ಪು ಯಾವುದು, ನಡುವೆ ಯಾರೋ ಸೇರಿಸಿದ ಸಾಲು ಯಾವುದು, ಕವಿಯ ಮಾತು ಯಾವುದು ಎಂದು ಬೇರ್ಪಡಿಸುವ ಶಾಸ್ತ್ರಕ್ಕೆ ಆ ಹೆಸರು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಸೀಮೆ ಈ ಶಾಸ್ತ್ರಕ್ಕೆ ತೀರ ಹತ್ತಿರದ್ದು. ಬಾಗೇವಾಡಿ ಬಸವಣ್ಣನವರು ಹುಟ್ಟಿದ ನೆಲ. ಅವರ ಮತ್ತು ಅವರ ಸಂಗಡಿಗರ ವಚನಗಳು ಮಠಮನೆಗಳ ಓಲೆಗರಿಗಳಲ್ಲಿ ಚದುರಿಹೋಗಿದ್ದಾಗ, ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಕೂಡಿಹಾಕಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಅಚ್ಚಿನ ಕೆಲಸಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಮುಂದೆ ಸಿಂದಗಿ ತಾಲ್ಲೂಕಿನವರೇ ಆದ ಎಂ. ಎಂ. ಕಲಬುರ್ಗಿಯವರು ಕನ್ನಡ ಗ್ರಂಥಸಂಪಾದನ ಶಾಸ್ತ್ರವನ್ನು ಕುರಿತೇ ಪುಸ್ತಕ ಬರೆದರು, 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದ ಯೋಜನೆಗೆ ಪ್ರಧಾನ ಸಂಪಾದಕರಾದರು. ಅಕ್ಷರದ ವಿಷಯದಲ್ಲಿ ಇಷ್ಟು ಶ್ರದ್ಧೆ ತೋರಿದ ಸೀಮೆಯು ನಾದದ ವಿಷಯದಲ್ಲಿಯೂ ಅದೇ ಶ್ರದ್ಧೆಯನ್ನು ಬೇಡುವುದು ಸಹಜ. ಇಂದಿನ ಭಾಷಣದ ವಿಷಯ ಅದು.

ಮೊದಲು, ವಿಮರ್ಶೆಗೆ ಒಳಗಾಗುವ ವಸ್ತು ಯಾವುದು ಎಂಬುದನ್ನು ತಿಳಿಯಬೇಕು. ಹಳೆಯ ಗ್ರಾಮಫೋನ್ ತಟ್ಟೆಯನ್ನು ಕಾಣದ ಕೇಳುಗರು ಅದನ್ನು ಹೀಗೆ ಕಲ್ಪಿಸಿಕೊಳ್ಳಬಹುದು: ಊಟದ ತಟ್ಟೆಯಷ್ಟು ಅಗಲ, ಅಂದರೆ ಸುಮಾರು 10 ಅಂಗುಲ, ಕಪ್ಪು ಬಣ್ಣ, ಕೈಗೆ ಭಾರ, ಕೆಳಗೆ ಬಿದ್ದರೆ ಹಂಚಿನಂತೆ ಒಡೆಯುತ್ತದೆ. ಅದು ಅರಗಿನಿಂದ ಮಾಡಿದ್ದು, ಮರದ ಮೇಲೆ ಕೀಟಗಳು ಕಟ್ಟುವ ಅದೇ ಅರಗು. ಅದರ ಮೈಮೇಲೆ ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಹೋಗುವ ಒಂದೇ ಗೀರು ಇರುತ್ತದೆ; ಮುಳ್ಳು ಆ ಗೀರಿನಲ್ಲಿ ಸರಿದಾಗ ಹಾಡು ಏಳುತ್ತದೆ. ನಿಮಿಷಕ್ಕೆ ಸುಮಾರು 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು. ಭಾರತದಲ್ಲಿ ಇಂಥ ಮುದ್ರಣ 1902ರಲ್ಲಿ ಕಲ್ಕತ್ತದಲ್ಲಿ ಆರಂಭವಾಯಿತು. ಮೊದಲ ಸುಮಾರು 25 ವರ್ಷ ಮೈಕು ಇರಲಿಲ್ಲ. ಹಾಡುಗಾರರು ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಆ ದನಿಯ ಒತ್ತಡವೇ ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಮೆಲ್ಲಗೆ ಹಾಡಿದ್ದು ಅಲ್ಲಿ ಉಳಿಯುತ್ತಿರಲಿಲ್ಲ.

ಈ ಮೂರು ನಿಮಿಷದ ಶಕ್ತಿಯನ್ನು ಕಡಿಮೆಯೆಂದು ಎಣಿಸಬಾರದು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯ ತಟ್ಟೆಯನ್ನು ಕೇಳಿ, ಅಂಥ ಹಾಡಿಕೆ ತನಗೂ ಬರಬೇಕೆಂದು ಗದಗಿನ ಬಾಲಕ ಭೀಮಸೇನ ಜೋಶಿ ಗುರುವನ್ನರಸಿ ಮನೆ ಬಿಟ್ಟದ್ದು ಸಂಗೀತದ ಇತಿಹಾಸಕ್ಕೆ ಸೇರಿದ ಸಂಗತಿ. ಘರಾಣೆ ಎಂದರೆ ಗುರುಮನೆತನದಿಂದ ಬಂದ ಹಾಡಿಕೆಯ ರೀತಿ. ಅದು ಎದುರುಬದುರು ಕುಳಿತು ಕಲಿಯತಕ್ಕದ್ದು ಎಂಬ ಕಾಲದಲ್ಲಿ, ಒಂದು ಅರಗಿನ ತಟ್ಟೆ ಗುರುವಿನ ಮೊದಲ ಪಾಠವನ್ನು ಹೇಳಿಕೊಟ್ಟಿತು.

ಹೀಗೆ ತಟ್ಟೆ ಎಂಬುದು ಹಾಡಿನ ಒಂದು ಪ್ರತಿ. ಓಲೆಗರಿಯಂತೆಯೇ ಅದಕ್ಕೂ ಅಳತೆ ಉಂಟು, ಮಿತಿ ಉಂಟು. ಇನ್ನು, ಪ್ರತಿಕಾರನ ತಪ್ಪು ಇಲ್ಲಿ ಹೇಗೆ ನುಸುಳುತ್ತದೆ ಎಂಬುದನ್ನು ನೋಡಬೇಕು. ಎಲ್ಲ ತಟ್ಟೆಗಳೂ ಸರಿಯಾಗಿ 78 ಸುತ್ತಿನಲ್ಲಿ ಮುದ್ರಿತವಾದವಲ್ಲ. 74ರಲ್ಲಿ ಮುದ್ರಿಸಿದ್ದನ್ನು ಈಗಿನವರು 78ರಲ್ಲಿ ತಿರುಗಿಸಿ ಹೊಸ ಪ್ರತಿ ಮಾಡಿದರೆ, ಮೂರು ನಿಮಿಷ ಹತ್ತು ಸೆಕೆಂಡಿನ ಹಾಡು ಮೂರೇ ನಿಮಿಷದಲ್ಲಿ ಮುಗಿಯುತ್ತದೆ. ಹತ್ತು ಸೆಕೆಂಡು ಹೋದರೆ ಹೋಯಿತು ಎನ್ನುವಂತಿಲ್ಲ, ಏಕೆಂದರೆ ವೇಗದ ಜೊತೆಗೆ ಶ್ರುತಿಯೂ ಏರುತ್ತದೆ. ಶ್ರುತಿ ಎಂದರೆ ಹಾಡುಗಾರರು ಆರಿಸಿಕೊಂಡ ಆಧಾರ ಷಡ್ಜ. ಹಾರ್ಮೋನಿಯಂ ಬಲ್ಲವರ ಮಾತಿನಲ್ಲಿ ಹೇಳುವುದಾದರೆ, ಬಿಳಿ ಒಂದರಲ್ಲಿ ಹಾಡಿದವರ ದನಿ ಹೆಚ್ಚುಕಡಿಮೆ ಕರಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಆಗ ಎದೆಯ ದನಿ ಮೂಗಿಗೆ ಏರಿದಂತೆ ಕೇಳುತ್ತದೆ. ನಿಧಾನವಾಗಿ ಸರಿದ ಮೀಂಡು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವ ಗತಿ, ಅವಸರದ್ದೆನಿಸುತ್ತದೆ. ತಾನುಗಳು, ಅಂದರೆ ಸ್ವರಗಳ ವೇಗದ ಓಟಗಳು, ಇದ್ದದ್ದಕ್ಕಿಂತ ಚುರುಕಾಗಿ ತೋರುತ್ತವೆ. ಪರಿಶೀಲಿಸದ ವಿಮರ್ಶಕರು ಆ ಚುರುಕನ್ನು ಹಾಡುಗಾರರ ಗುಣವೆಂದು ಹೊಗಳಿಬಿಡುತ್ತಾರೆ. ಅದು ಲಿಪಿಕಾರನ ಕೈತಪ್ಪನ್ನು ಕವಿಯ ಪ್ರತಿಭೆಯೆಂದು ಹೊಗಳಿದಂತೆ. ಜೊತೆಗಿರುವ ಹಾರ್ಮೋನಿಯಮ್ಮಿನ ಸ್ವರ ಯಾವ ಪಟ್ಟಿಗೂ ಸೇರದೆ ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡಂತೆ ಕೇಳಿದರೆ, ವೇಗದ ಬಗ್ಗೆ ಸಂಶಯ ಹುಟ್ಟಬೇಕು.

ಆದರೆ ಸಂಶಯವೇ ತೀರ್ಪಲ್ಲ. ಇದಕ್ಕೆ ಗಂಗೂಬಾಯಿ ಹಾನಗಲ್ಲರ ಮುದ್ರಿಕೆಗಳಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ತಟ್ಟೆಗಳಲ್ಲಿ ತೆಳುವಾದ, ಎತ್ತರದ ಹೆಣ್ಣುದನಿ ಇದೆ. ಮುಂದಿನ ಮುದ್ರಿಕೆಗಳಲ್ಲಿ ಇರುವುದು ಮಂದ್ರಕ್ಕೆ ಇಳಿದ, ಘನವಾದ, ಗಂಡುದನಿಯೋ ಎನ್ನಿಸುವ ಕಂಠ. ಎರಡನ್ನೂ ಒಟ್ಟಿಗೆ ಕೇಳಿದವರು ಮೊದಲಿನದು ವೇಗ ಹೆಚ್ಚಾದ ಪ್ರತಿ ಎಂದು ಭಾವಿಸುವ ಸಂಭವ ಉಂಟು. ಹಾಗಲ್ಲ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿಯೇ ಬದಲಾಯಿತು. ಗ್ರಂಥಸಂಪಾದಕರು ಇದನ್ನು ತಪ್ಪುಪಾಠ ಎನ್ನುವುದಿಲ್ಲ, ಪಾಠಾಂತರ ಎನ್ನುತ್ತಾರೆ. ಎರಡೂ ಮೂಲಕ್ಕೇ ಸೇರಿದವು. ಹೊಸದನ್ನು ಬಲ್ಲವರು ಹಳೆಯದನ್ನು ತಿದ್ದಲು ಹೋಗಬಾರದು. ಆ ತೆಳುದನಿಯಲ್ಲಿಯೂ ಸ್ವರದ ಮೇಲೆ ನಿಲ್ಲುವ ಸ್ಥೈರ್ಯ ಆಗಲೇ ಇತ್ತು ಎಂಬುದನ್ನು ತೋರಿಸುವುದು ವಿಮರ್ಶೆಯ ನಿಜವಾದ ಕೆಲಸ.

ಮಲ್ಲಿಕಾರ್ಜುನ ಮನಸೂರರಲ್ಲಿ ಪಾಠಾಂತರ ಇನ್ನೊಂದು ಬಗೆಯದು. 1910ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಅವರು ಮೂರು ನಿಮಿಷದ ತಟ್ಟೆಯ ಕಾಲದಲ್ಲಿಯೂ ಹಾಡಿದರು, ಗಂಟೆಗಟ್ಟಲೆ ಮುದ್ರಿಸಿಕೊಳ್ಳಬಲ್ಲ ಟೇಪ್ ಸುರುಳಿಯ ಕಾಲದಲ್ಲಿಯೂ ಹಾಡಿದರು. 1930ರ ದಶಕದ ತಟ್ಟೆಯಲ್ಲಿ ಅವರು ರಾಗದ ಬಾಗಿಲಲ್ಲಿ ನಿಂತು ಕಾಯುವುದಿಲ್ಲ, ಕಾಯಲು ಹೊತ್ತಿಲ್ಲ. ಬಂದಿಶು, ತಾನು, ಮುಕ್ತಾಯ ಎಲ್ಲವೂ ಒಂದೇ ಉಸುರಿನ ಪಯಣ. ಬಂದಿಶು ಎಂದರೆ ರಾಗತಾಳಗಳಲ್ಲಿ ಕಟ್ಟಿದ ಹಾಡಿನ ನುಡಿ. ಮುಪ್ಪಿನ ಕಾಲದ ಮುದ್ರಿಕೆಗಳಲ್ಲಿ ಏಕನಿಷಾದ ಬಿಹಾಗಡಾ, ಶಿವಮತ ಭೈರವ, ಬಹಾದುರಿ ತೋಡಿಯಂಥ ಅಪರೂಪದ ರಾಗಗಳನ್ನು ಎತ್ತಿಕೊಂಡು, ಒಂದು ಆವರ್ತನಕ್ಕೂ ಮುಂದಿನದಕ್ಕೂ ನಡುವೆ ಬಿರುಕು ಕಾಣದಂತೆ ನೇಯುತ್ತ ಹೋಗುತ್ತಾರೆ. ಆವರ್ತನ ಎಂದರೆ ತಾಳದ ಒಂದು ಪೂರ್ತಿ ಸುತ್ತು. ಹಳೆಯದರ ಅವಸರ ಯಂತ್ರ ಹೇರಿದ್ದು; ಹೊಸದರ ಬಿಡುವಿಲ್ಲದ ನೇಯ್ಗೆ ಜಯಪುರ-ಅತ್ರೌಳಿ ಘರಾಣೆ ಕಲಿಸಿದ್ದು. ಎರಡನ್ನೂ ‘ವೇಗ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಮರ್ಶೆ ಏನನ್ನೂ ಹೇಳಿದಂತಾಗುವುದಿಲ್ಲ.

ಕೇಳುಗರೆ, ಯಂತ್ರದ ತಪ್ಪು ಒಂದು, ಹಾಡುಗಾರರ ಬದಲಾವಣೆ ಇನ್ನೊಂದು ಎಂದು ಇಲ್ಲಿಯವರೆಗೆ ಹೇಳಿದ್ದಾಯಿತು. ಮೂರನೆಯದು ಗುರುತಿನ ಪ್ರಶ್ನೆ: ಈ ಹಾಡು ಯಾರದು, ಯಾವಾಗಿನದು? ಈ ಸೀಮೆಯ ಕೇಳುಗರು ಇದನ್ನು ಬೇರೆಯವರಿಗಿಂತ ಬೇಗ ಗ್ರಹಿಸಬಲ್ಲರು. ಆರಂಭದ ತಟ್ಟೆಗಳ ಕೊನೆಯಲ್ಲಿ ಹಾಡುಗಾರರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು; ಗಾಯಕಿ ಗೌಹರ್ ಜಾನ್ ಅವರ ತಟ್ಟೆಗಳಿಂದ ಆ ರೂಢಿ ಹೆಸರಾಯಿತು. ಅದು ಆತ್ಮಪ್ರಶಂಸೆಯಲ್ಲ. ಮೇಣದ ಮೂಲಪ್ರತಿಗಳು ಆಗ ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿ ತಟ್ಟೆ ಒತ್ತುವವರಿಗೆ ಹಾಡಿನ ಭಾಷೆ ತಿಳಿಯದು, ಹೆಸರು ಕೇಳಿಸಿದರೆ ಚೀಟಿ ಸರಿಯಾಗಿ ಅಂಟಿಸಬಹುದಿತ್ತು. ವಚನದ ಕೊನೆಗೆ ಬರುವ ಅಂಕಿತವೂ ಇಂಥದೇ ಕೆಲಸವನ್ನು ಮಾಡಿದೆ. ಅಂಕಿತವು ವಚನಕಾರರ ಸ್ವಂತ ಹೆಸರಲ್ಲ, ಇಷ್ಟದೈವದ ಹೆಸರು. ಆದರೂ ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರದು, ‘ಸಂಗಯ್ಯ’ ಎಂದರೆ ಅವರ ಪತ್ನಿ ನೀಲಮ್ಮನವರದು ಎಂದು ಓಲೆಯ ರಾಶಿಯಿಂದ ಬೇರ್ಪಡಿಸಲು ಸಂಪಾದಕರಿಗೆ ಆಧಾರವಾದದ್ದು ಅದೇ. ನೀಲಮ್ಮನವರ ಐಕ್ಯಸ್ಥಳ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ, ಕೃಷ್ಣೆಯ ದಂಡೆಯ ಊರು. ಅಲ್ಲಿಯ ಕೇಳುಗರ ಮುಂದೆ ಗಾಯಕರು ನೀಲಮ್ಮನವರ ವಚನ ಹಾಡಿ, ತಿಹಾಯಿಯ ಭರದಲ್ಲಿ ‘ಸಂಗಯ್ಯ’ ಎಂಬ ಮೂರು ಅಕ್ಷರವನ್ನು ನುಂಗಿದರೆ, ಹಾಡಿನ ಸಹಿಯನ್ನೇ ಅಳಿಸಿದಂತೆ. ತಿಹಾಯಿ ಎಂದರೆ ಒಂದೇ ತುಣುಕನ್ನು ಮೂರು ಬಾರಿ ಹೇಳಿ ತಾಳದ ಮೊದಲ ಪೆಟ್ಟಿಗೆ ಬಂದು ಇಳಿಯುವ ಮುಕ್ತಾಯ.

ಇದೇ ಕಾರಣಕ್ಕೆ, ಆಕಾಶವಾಣಿಯ ಭಂಡಾರದಿಂದಾಗಲಿ ಖಾಸಗಿ ಸಂಗ್ರಹದಿಂದಾಗಲಿ ಮರುಪ್ರಕಟವಾಗುವ ಮುದ್ರಿಕೆಯ ಮೇಲೆ ಹಾಡಿದ ವರ್ಷ, ಸ್ಥಳ, ತಬಲಾ ಮತ್ತು ಹಾರ್ಮೋನಿಯಂ ನುಡಿಸಿದವರ ಹೆಸರು ಇರಲೇಬೇಕು. ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾದ ಮೇಲೆ ಈ ಭಾಗದ ಮನೆಗಳಿಗೆ ಸಂಗೀತ ಬಂದದ್ದು ಬಹುಮಟ್ಟಿಗೆ ರೇಡಿಯೊದಿಂದ. ತಬಲಾ ನುಡಿಸಿದವರ ಹೆಸರನ್ನು ಹೇಳದೆ ರೇಡಿಯೊದ ಉದ್ಘೋಷಕರು ಕಾರ್ಯಕ್ರಮ ಮುಗಿಸುತ್ತಿರಲಿಲ್ಲ. ಆ ಶಿಸ್ತು ಮುದ್ರಿಕೆಯ ಮೇಲಿನ ಚೀಟಿಗೂ ಬರಬೇಕು.

ಈಗ ವಚನ ಗಾಯನದ ಮಾತು. ಇದರ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಈ ನಾಲ್ಕು ತಾಲ್ಲೂಕುಗಳ ಜನರಿಗೆ ಹತ್ತಿರದ ಶಾಸ್ತ್ರೀಯ ಮುದ್ರಿಕೆ ಇದು. ವಚನಕ್ಕೆ ಗೊತ್ತಾದ ರಾಗವಿಲ್ಲ, ಗೊತ್ತಾದ ತಾಳವಿಲ್ಲ. ತಾಳದ ಲೆಕ್ಕ ತನಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿರುವುದುಂಟು. ಆದ್ದರಿಂದ ವಚನಕ್ಕೆ ರಾಗ ಹಾಕಿದ ಪ್ರತಿಯೊಬ್ಬ ಗಾಯಕನೂ ಅದಕ್ಕೆ ವ್ಯಾಖ್ಯಾನ ಬರೆದಂತೆಯೇ. ಮನಸೂರರು, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳಿಂದ ಕಲಿತ ಎಂ. ವೆಂಕಟೇಶಕುಮಾರ್: ಇವರೆಲ್ಲ ಹಿಂದೂಸ್ತಾನಿ ಪದ್ಧತಿಯ ವಿದ್ವಾಂಸರಾಗಿದ್ದೇ ವಚನವನ್ನು ಕಛೇರಿಯ ಘನತೆಗೆ ಏರಿಸಿದವರು.

ಖಯಾಲಿನ, ಅಂದರೆ ಹಿಂದೂಸ್ತಾನಿ ಕಛೇರಿಯ ಪ್ರಧಾನ ಹಾಡಿಕೆಯ, ಕೇಳುಗರು ರಾಗವನ್ನು ಹಿಡಿದು ಕೂಡುತ್ತಾರೆ. ಬಾಗೇವಾಡಿಯ ಕೇಳುಗರಿಗೆ ವಚನದ ಮಾತು ಮೊದಲೇ ಬಾಯಿಪಾಠ. ಅವರು ಮಾತನ್ನು ಹಿಡಿದು ಕೂಡುತ್ತಾರೆ, ರಾಗವು ಆ ಮಾತಿಗೆ ಏನು ಮಾಡಿತು ಎಂದು ಕೇಳುತ್ತಾರೆ. ಇದು ಕಡಿಮೆ ದರ್ಜೆಯ ಕೇಳ್ಮೆಯಲ್ಲ, ಹೆಚ್ಚು ಕಠಿಣವಾದದ್ದು. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಅರ್ಥ ಕೆಡುತ್ತದೆ. ‘ಮನ’ದ ಮೊದಲ ಅಕ್ಷರದ ಮೇಲೆ ಆಲಾಪ ಮಾಡಿದರೆ ಅದು ‘ಮಾನ’ವಾಗುತ್ತದೆ, ‘ತನು’ವನ್ನು ಹಾಗೆಯೇ ಎಳೆದರೆ ‘ತಾನು’ ಆಗುತ್ತದೆ. ತನುವಿನ ಮಾತು ಅಹಂಕಾರದ ಮಾತಾಗಿಬಿಡುತ್ತದೆ. ಬಲ್ಲ ಗಾಯಕರು ಮೊದಲಕ್ಷರವನ್ನು ಹ್ರಸ್ವವಾಗಿಯೇ ಮುಟ್ಟಿ, ಪದ ಪೂರ್ತಿಯಾದ ಮೇಲೆ ಕೊನೆಯ ಸ್ವರದಲ್ಲಿ ರಾಗವನ್ನು ಬಿಚ್ಚುತ್ತಾರೆ. ವಚನದ ಯಾವ ಮುದ್ರಿಕೆಯನ್ನಾದರೂ, ಹಳೆಯದಿರಲಿ ಹೊಸದಿರಲಿ, ಈ ಒಂದು ಒರೆಗಲ್ಲಿಗೆ ತಿಕ್ಕಿ ನೋಡಬಹುದು. ಮಾತು ಒಡೆಯದೆ ರಾಗ ಬೆಳೆಯುವುದರಲ್ಲಿ ಮನಸೂರರದು ಮೇಲ್ಪಂಕ್ತಿ.

ಹೊಸ ಮುದ್ರಿಕೆಗಳಲ್ಲಿ ಕಂಠಕ್ಕೆ ಕೊರತೆಯಿಲ್ಲ, ತಂತ್ರಕ್ಕೂ ಕೊರತೆಯಿಲ್ಲ. ಕೊರತೆ ಇರುವುದು ಸಂಯಮದಲ್ಲಿ. ಸ್ಟುಡಿಯೊದಲ್ಲಿ ಮಾರ್ದನಿಯಿಲ್ಲದೆ ಮುದ್ರಿಸಿದ ದನಿಗೆ ಆಮೇಲೆ ಕೃತಕ ಅನುರಣನವನ್ನು ಬೆರೆಸುತ್ತಾರೆ. ಅನುರಣನ ಎಂದರೆ ದನಿ ಗೋಡೆಗೆ ತಾಗಿ ಮರಳಿ ಬರುವ ಗುಂಗು. ಅದರ ಪರಿಣಾಮವನ್ನು ವಿಜಯಪುರದ ಜನರಿಗೆ ವಿವರಿಸಬೇಕಾಗಿಲ್ಲ. ಶಾಲೆಯಿಂದ ಗೋಳಗುಮ್ಮಟಕ್ಕೆ ಹೋಗಿ ಮೇಲಿನ ಸುತ್ತುಪಡಸಾಲೆಯಲ್ಲಿ ಹೆಸರು ಕೂಗಿದವರೆಲ್ಲ ಅದನ್ನು ಅನುಭವಿಸಿದ್ದಾರೆ. ಒಮ್ಮೆ ಕೂಗಿದ್ದು ಹಲವು ಬಾರಿ ಮರಳಿ ಬರುತ್ತದೆ, ಸೊಗಸಾಗಿರುತ್ತದೆ. ಆದರೆ ಆ ಗುಮ್ಮಟದ ಕೆಳಗೆ ನಿಂತು ಒಂದು ವಚನ ಹೇಳಿದರೆ ಮೊದಲ ಸಾಲಿನ ಬಾಲವು ಎರಡನೆಯ ಸಾಲಿನ ತಲೆಯ ಮೇಲೆ ಬಿದ್ದು, ವ್ಯಂಜನಗಳೆಲ್ಲ ಕರಗಿ, ಸ್ವರಗಳ ಗುಂಗಷ್ಟೇ ಉಳಿಯುತ್ತದೆ. ಅನೇಕ ಹೊಸ ವಚನ ಮುದ್ರಿಕೆಗಳು ಈಗ ಹೀಗೆ ಕೇಳುತ್ತವೆ. ಮೇಲಿಂದ ಕೀಬೋರ್ಡಿನ ತಂತಿಮೇಳ, ಹಿಂದಿನಿಂದ ಕೋರಸ್ಸು. ಸಂಪಾದಕರು ಇದನ್ನು ಪ್ರಕ್ಷಿಪ್ತ ಎನ್ನುತ್ತಾರೆ, ಅಂದರೆ ಮೂಲದಲ್ಲಿ ಇಲ್ಲದ್ದನ್ನು ನಡುವೆ ತುರುಕಿದ್ದು.

ಹಳೆಯದರ ಮೇಲೆ ನಡೆಯುವ ಅನ್ಯಾಯ ಇದಕ್ಕೆ ತಿರುಗಾಮುರುಗಾ: ಅಲ್ಲಿ ಸೇರಿಸುವುದಿಲ್ಲ, ಒರೆಸುತ್ತಾರೆ. ಅರಗಿನ ತಟ್ಟೆಯ ಚರಪರ ಸದ್ದನ್ನು ಕಂಪ್ಯೂಟರಿನಲ್ಲಿ ತೆಗೆಯುವಾಗ ಕೈ ಸ್ವಲ್ಪ ಬಿಗಿಯಾದರೂ, ತಂಬೂರಿಯ ತಂತಿಯಿಂದ ಮೇಲೇಳುವ ಸೂಕ್ಷ್ಮ ಉಪಸ್ವರಗಳೂ ‘ಸ, ಶ’ ಅಕ್ಷರಗಳ ಉಸಿರೂ ಅದರೊಂದಿಗೆ ಹೋಗುತ್ತವೆ. ಆಮೇಲೆ ಉಳಿಯುವ ದನಿ ಹೊದಿಕೆಯೊಳಗಿಂದ ಬಂದಂತಿರುತ್ತದೆ. ಹುಳು ತಿಂದ ಓಲೆಯನ್ನು ಒರೆಸುವಾಗ ಅಕ್ಷರದ ಮಸಿಯೂ ಬಂದುಬಿಟ್ಟರೆ ಒರೆಸದಿದ್ದರೇ ಚೆನ್ನಾಗಿತ್ತು ಎನ್ನಿಸುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಸೆಟ್ಟು, ಜಾತ್ರೆಯ ಇರುಳು ಮಠದಲ್ಲಿ ಮುದ್ರಿಸಿಕೊಂಡ ಸುರುಳಿ ಇರುವವರು, ಅದನ್ನು ಕಂಪ್ಯೂಟರಿಗೆ ಇಳಿಸುವಾಗ ಮೊದಲು ಏನನ್ನೂ ತೆಗೆಯದ ಒಂದು ಪ್ರತಿಯನ್ನು ಹಾಗೆಯೇ ಇಟ್ಟುಕೊಳ್ಳಬೇಕು. ತಿದ್ದಿದ್ದೆಲ್ಲ ಎರಡನೆಯ ಪ್ರತಿಯಲ್ಲಿ.

ತಪ್ಪು, ಪಾಠಾಂತರ, ಅಂಕಿತ, ಪ್ರಕ್ಷಿಪ್ತ ಇವಿಷ್ಟನ್ನು ಕುರಿತು ಹೇಳಿದ್ದಾಯಿತು. ಇನ್ನುಳಿದದ್ದು, ಪ್ರತಿಯೇ ಇಲ್ಲದೆ ಹೋದದ್ದರ ಮಾತು. ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ಸುಮಾರು 400 ವರ್ಷಗಳ ಹಿಂದೆ ‘ಕಿತಾಬ್-ಎ-ನವರಸ’ ಎಂಬ ಕೃತಿಯಲ್ಲಿ ಸುಮಾರು 60 ದಖನಿ ಹಾಡುಗಳನ್ನು ಬರೆದು, ಭೈರವ, ತೋಡಿ, ಕಲ್ಯಾಣ, ಕೇದಾರ ಮುಂತಾಗಿ ರಾಗದ ಹೆಸರನ್ನೂ ಸೂಚಿಸಿದನು. ಹಾಡು ಇದೆ, ರಾಗದ ಹೆಸರು ಇದೆ. ಅವನ ಆಸ್ಥಾನದಲ್ಲಿ ಅದು ಹೇಗೆ ಕೇಳುತ್ತಿತ್ತು ಎಂಬುದು ಮಾತ್ರ ಹೋಯಿತು. ನಮ್ಮ ಶತಮಾನಕ್ಕೆ ಹತ್ತಿರದ ಉದಾಹರಣೆ ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಪದಗಳು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚಾದವು. ಮುಂದೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದವು. ಆ ವರ್ಷಗಳಲ್ಲಿಯೇ ಗ್ರಾಮಫೋನ್ ಕಂಪನಿಗಳು ಹುಬ್ಬಳ್ಳಿ ಧಾರವಾಡದ ಗಾಯಕರನ್ನು ಕರೆದು ಮುದ್ರಿಸುತ್ತಿದ್ದವು. ಹಲಸಂಗಿಯವರೆಗೆ ಆ ಯಂತ್ರ ಬರಲಿಲ್ಲ. ಗೆಳೆಯರ ಕೈಯಲ್ಲಿದ್ದದ್ದು ಕಾಗದ ಮತ್ತು ಪೆನ್ಸಿಲು. ಅಷ್ಟರಲ್ಲಿ ಅವರು ಮಾಡಿದ್ದು ಬಹು ದೊಡ್ಡದು. ಆದರೂ ಪುಸ್ತಕದ ಪುಟದಲ್ಲಿ ಮೂರು ಸಾಲಿನ ತ್ರಿಪದಿ ಮಾತ್ರ ಇದೆ, ಎತ್ತುಗಡೆ ಇಲ್ಲ, ಎಳೆತ ಇಲ್ಲ, ಒಬ್ಬಾಕೆ ಬಿಟ್ಟಲ್ಲಿ ಇನ್ನೊಬ್ಬಾಕೆ ಹಿಡಿಯುವ ಜಾಗ ಇಲ್ಲ.

ಇವು ಶಾಸ್ತ್ರೀಯ ಸಂಗೀತವಲ್ಲ ಎಂದು ಬದಿಗಿಡುವಂತಿಲ್ಲ. ಈ ಸೀಮೆಯ ಕಿವಿ ಲಯವನ್ನು ಮೊದಲು ಕಲಿತದ್ದು ಇಂಥ ಹಾಡಿನಿಂದ, ಬಯಲಲ್ಲಿ ಬೆಳತನಕ ನಡೆಯುವ ಹರದೇಶಿ-ನಾಗೇಶಿ ಎಂಬ ಎರಡು ಹಾಡುಮೇಳಗಳ ಸವಾಲಿನಿಂದ, ಅಮಾವಾಸ್ಯೆಯ ಭಜನೆಯ ದಮ್ಮಡಿಯಿಂದ. ರಾಗದ ಪಾಠ ಅದರ ಮೇಲೆ ಬಂದದ್ದು. ಬೀಸುವ ಪದ ಬಲ್ಲ ಹಿರಿಯರು ಈಗಲೂ ಅಲ್ಲಲ್ಲಿ ಇದ್ದಾರೆ. ಅವರನ್ನು ಮುದ್ರಿಸಿಕೊಳ್ಳಲು ಹೋಗುವವರು ಮೊಬೈಲನ್ನು ಅವರ ಬಾಯಿಗೆ ಹಿಡಿದು, ಗದ್ದಲವಿಲ್ಲದ ಕೋಣೆಯಲ್ಲಿ ಕೂರಿಸಿ ಹಾಡಿಸುವ ಬದಲು, ಬೀಸುಕಲ್ಲನ್ನು ಹೂಡಿಸಿ, ಗೂಟ ಹಿಡಿದ ಕೈ ತಿರುಗುವಾಗ ಹಾಡಿಸಬೇಕು. ಕಲ್ಲಿನ ಗರಗರ ಸದ್ದು ಮುದ್ರಿಕೆಯಲ್ಲಿ ಪೂರ್ತಿಯಾಗಿ ಬರಲಿ. ಕಾಳು ಹಾಕಲು ಕೈ ಒಮ್ಮೆ ನಿಂತಾಗ ಹಾಡೂ ಎಲ್ಲಿ ನಿಲ್ಲುತ್ತದೆ, ಕಲ್ಲು ಮತ್ತೆ ಹೊರಟಾಗ ಯಾವ ಅಕ್ಷರದಿಂದ ಏಳುತ್ತದೆ ಎಂಬುದು ಆ ಸದ್ದಿನಿಂದಲೇ ತಿಳಿಯಬೇಕು.